ಮೀನಿನ ತೊಟ್ಟಿಗೆ ಗೋದಾಮಿನ ಬೆಳಕು

ತಿಪ್ಪೇಸ್ವಾಮಿಗೆ ಸಿಟ್ಟು ಬರುವುದಕ್ಕೆ ಕಾರಣ ಬೇಕು ಅಂತೇನೂ ಇರಲಿಲ್ಲ. ಆದರೆ ಆ ಭಾನುವಾರ ಕಾರಣವೂ ಇತ್ತು. ಕಾರಣ ಅವನದೇ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ಅವನದೇ ಮನೆಯ ಕಾಫಿಯನ್ನು ಎರಡನೇ ಸಲ ಕುಡಿಯುತ್ತಿತ್ತು. ಅದರ ಹೆಸರು ಮುರಳಿ.

ಈ ಮುರಳಿ ಬಸವನಗುಡಿಯಿಂದ ಬಂದು ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ನೆಲೆಸಿದ ಸಾಫ್ಟ್‌ವೇರ್ ಮನುಷ್ಯ. ಮೆತ್ತನೆ ಮಾತು, ಅದಕ್ಕಿಂತ ಮೆತ್ತನೆ ನಗು. ಅವನ ಮನೆಯಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಅದರೊಳಗೆ ಗಿಡಗಳು ಮದುವೆಮನೆಯ ಚಪ್ಪರದ ಹಾಗೆ ಸೊಂಪಾಗಿ ಬೆಳೆದಿದ್ದವು. ಅದನ್ನು ನೋಡಿಕೊಂಡು ಬಂದ ವಾರವೇ ತಿಪ್ಪೇಸ್ವಾಮಿ ತನ್ನ ಮನೆಗೂ ಒಂದು ತೊಟ್ಟಿ ತಂದಿದ್ದ. (ಅದನ್ನು ನೋಡಿಯೇ ಇದನ್ನು ತಂದದ್ದು ಎಂದು ಅವನ ಮುಂದೆ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.) ಮುರಳಿಯ ತೊಟ್ಟಿಗಿಂತ ಇದು ಒಂದು ಮೊಳ ಉದ್ದವಿತ್ತು. ಅಷ್ಟರಮಟ್ಟಿಗೆ ಗೆದ್ದಾಗಿತ್ತು. ಆದರೆ ಒಳಗಿನ ಗಿಡಗಳು ಮಾತ್ರ ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಹಾಗೆ ತಲೆ ತಗ್ಗಿಸಿಕೊಂಡು ನಿಂತಿದ್ದವು.

ಮುರಳಿ ಎದ್ದು ಹೋಗಿ ತೊಟ್ಟಿಯ ಗಾಜಿಗೆ ಮೂಗು ತಾಗಿಸಿ ನೋಡಿದ. ತಲೆಯನ್ನು ಒಂದು ಕಡೆ ವಾಲಿಸಿದ. ಆಮೇಲೆ ಅಂದ:

“ಗಿಡಗಳು ಸ್ವಲ್ಪ ಡಲ್ ಆಗಿದಾವಲ್ವಾ ಸಾರ್? ಲೈಟ್ ಸಾಲ್ತಿಲ್ವೇನೋ.”

ಮುಗಿಯಿತು. ಬೇರೆ ಯಾರಿಗಾದರೂ ಇದು ಮಾತು. ತಿಪ್ಪೇಸ್ವಾಮಿಗೆ ಇದು ಊಟದ ಪಂಕ್ತಿಯ ನಡುವೆ ಎದ್ದು ನಿಂತು ಅಡಿಗೆ ಭಟ್ಟನಿಗೆ ‘ಸಾರಿಗೆ ಉಪ್ಪಿಲ್ಲ’ ಎಂದು ಕೂಗಿದ ಹಾಗೆ. ಯಾಕೆಂದರೆ ತಿಪ್ಪೇಸ್ವಾಮಿಯ ಹೊಟ್ಟೆಪಾಡೇ ಬೆಳಕು. ಅದೇ ಆಕ್ಲೆಂಡಿನ ಪೆನ್‌ರೋಸ್ ಬಡಾವಣೆಯ ಒಂದು ಕಂಪನಿಯಲ್ಲಿ ಅವನು ಲೈಟಿಂಗ್ ಎಂಜಿನಿಯರ್. ದೊಡ್ಡ ದೊಡ್ಡ ಗೋದಾಮುಗಳಿಗೆ ಎಲ್ಲೆಲ್ಲಿ ಎಷ್ಟೆಷ್ಟು ದೀಪ ಬೇಕು ಎಂದು ಲೆಕ್ಕ ಹಾಕುವವನು ಅವನೇ. ಅವನು ಬೆಳಗಿಸಿದ ಗೋದಾಮುಗಳಲ್ಲಿ ಪೆಟ್ಟಿಗೆ ಹೊರುವವರು ಕೆಲಸಕ್ಕೆ ಸೇರಿದಾಗಿನಿಂದ ತಮ್ಮ ನೆರಳನ್ನೇ ಕಂಡಿಲ್ಲ ಎಂಬುದು ಅವನ ಹೆಮ್ಮೆ. ಅಂಥವನಿಗೆ, ಅವನದೇ ಮನೆಯಲ್ಲಿ, ‘ಲೈಟ್ ಸಾಲ್ತಿಲ್ವೇನೋ’!

ಮುರಳಿಯ ಕಾರು ತಿರುವು ದಾಟುವವರೆಗೂ ತಿಪ್ಪೇಸ್ವಾಮಿ ಹಲ್ಲು ಕಚ್ಚಿಕೊಂಡಿದ್ದ. ಆಮೇಲೆ ಬಾಯಿ ಬಿಟ್ಟ. ಅವನಿಗೆ ಸಿಟ್ಟು ಬಂದರೆ ಆಫೀಸಿನ ಇಂಗ್ಲಿಷೂ ಬೆಂಗಳೂರು ಕನ್ನಡವೂ ಒಟ್ಟಿಗೆ ಬಿದ್ದುಹೋಗಿ ಚಿತ್ರದುರ್ಗ ಎದ್ದು ನಿಲ್ಲುತ್ತಿತ್ತು.

“ನಂಗೆ ಲೈಟಿನ ಪಾಠ ಹೇಳಾಕೆ ಬಂದಾನೆ ಅವ್ನು! ಕಂಪ್ಯೂಟರ್ ಮುಂದೆ ಕುಂತು ಕಣ್ಣು ಕಳ್ಕೊಂಡೋನು! ಲೈಟು ಬೇಕೇನ್ಲೇ? ತೋರಿಸ್ತೀನಿ ತಾಳು, ಲೈಟು ಅಂದ್ರೆ ಏನು ಅಂತ!”

“ಅವ್ರು ಹೋಗಾಯ್ತು ಕಣ್ರೀ,” ಎಂದಳು ಹೆಂಡತಿ ಲೀಲಾ, ಕಾಫಿ ಲೋಟ ಎತ್ತುತ್ತಾ. “ಈಗ ಬೈತಿರೋದು ನನ್ನನ್ನ.”

ಲೀಲಾ ಮೈಸೂರಿನವಳು, ಆಸ್ಪತ್ರೆಯಲ್ಲಿ ನರ್ಸು. ಆಗ ಅವಳಿಗೆ ತಿಂಗಳುಗಟ್ಟಲೆ ರಾತ್ರಿ ಪಾಳಿ. ಊರೆಲ್ಲ ಎದ್ದು ಕೆಲಸಕ್ಕೆ ಹೊರಡುವಾಗ ಅವಳು ಮನೆಗೆ ಬಂದು, ಎರಡು ತುತ್ತು ತಿಂದು, ಮಲಗುವ ಕೋಣೆಯ ಕಪ್ಪು ಪರದೆ ಎಳೆದು ಮಲಗಬೇಕು. ಅವರದು ಹಳೇ ಕಾಲದ ಮರದ ಮನೆ, ಎತ್ತರದ ಸೂರು. ಹಜಾರದಲ್ಲಿ ತೊಟ್ಟಿ, ತೊಟ್ಟಿಯ ಎದುರಿಗೇ ಮಲಗುವ ಕೋಣೆಯ ಬಾಗಿಲು, ಆ ಬಾಗಿಲಿನ ತಲೆಯ ಮೇಲೆ, ಯಾವ ಪುಣ್ಯಾತ್ಮನ ಅಲಂಕಾರದ ಹುಚ್ಚೋ, ಒಂದು ಉದ್ದನೆಯ ಗಾಜು. ಕಿಟಕಿಗೇನೋ ಪರದೆ ಹಾಕಬಹುದು. ಬಾಗಿಲಿನ ತಲೆಗೆ ಯಾರು ಪರದೆ ಹಾಕುತ್ತಾರೆ?

ಮಂಗಳವಾರ ಬೆಳಿಗ್ಗೆ ಲೀಲಾ ಪಾಳಿ ಮುಗಿಸಿ ಬಂದು ಬೀಗ ತೆಗೆದವಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹಜಾರದ ಸೂರಿನಿಂದ ಎರಡು ಸರಪಳಿಗಳಲ್ಲಿ ತೂಗುಬಿದ್ದಿತ್ತು ಗೋದಾಮಿನ ದೀಪ. ರೊಟ್ಟಿ ಹಂಚಿನಷ್ಟು ಅಗಲ, ಕಲ್ಲಂಗಡಿಯಷ್ಟು ಭಾರ. ಕಂಪನಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಹಳೆಯ ಸ್ಯಾಂಪಲ್ಲನ್ನು ತಿಪ್ಪೇಸ್ವಾಮಿ ಕೇಳಿ ತಂದಿದ್ದ. ಮೂರಾಳು ಎತ್ತರದಿಂದ ಫೋರ್ಕ್‌ಲಿಫ್ಟ್‌ಗಳ ಮೇಲೆ ಉರಿಯಬೇಕಾದ ಆ ಸೂರ್ಯನಾರಾಯಣ ಈಗ ಹೆಬ್ಬೆರಳುದ್ದದ ಹತ್ತಾರು ಮೀನುಗಳ ನೆತ್ತಿಯ ಮೇಲೆ ಉರಿಯುತ್ತಿದ್ದ. ಮೀನುಗಳೆಲ್ಲ ಒಂದು ಮರದ ಕೊರಡಿನ ಕೆಳಗೆ, ಮಳೆ ಬಂದಾಗ ಬಸ್ ಸ್ಟಾಪಿನಲ್ಲಿ ಜನ ಸೇರುವ ಹಾಗೆ, ಒತ್ತೊತ್ತಾಗಿ ಅವಿತುಕೊಂಡಿದ್ದವು.

“ಏನ್ರೀ ಇದು? ಆಪರೇಷನ್ ಥಿಯೇಟರಲ್ಲೂ ಇಷ್ಟು ಬೆಳಕಿರಲ್ಲ!”

“ಆಪರೇಷನ್ ಥಿಯೇಟರಲ್ಲಿ ಗಿಡ ಬೆಳಸ್ತಾರೇನು?”

“ನಾನು ಹೇಗ್ರೀ ಮಲಗ್ಲಿ?”

“ಕಣ್ಣು ಮುಚ್ಕೊಂಡು!” ಎಂದು ತಿಪ್ಪೇಸ್ವಾಮಿ ಊಟದ ಡಬ್ಬಿ ಎತ್ತಿಕೊಂಡು ಪೆನ್‌ರೋಸ್‌ಗೆ ಹೊರಟೇಹೋದ.

ಮೊದಲ ವಾರ ತಿಪ್ಪೇಸ್ವಾಮಿಯದೇ ರಾಜ್ಯಭಾರ. ಗಿಡಗಳ ಎಲೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಮುತ್ತಿನ ಹಾಗೆ ಕಟ್ಟಿ ಒಂದೊಂದಾಗಿ ಮೇಲೇರತೊಡಗಿದವು. ಅವನು ಅದರ ವೀಡಿಯೋ ತೆಗೆದು ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಕೆಳಗೆ ‘ಬೆಳಕು ಎಂದರೆ ಇದು’ ಎಂದು ಬರೆದ. ಮುರಳಿ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದ. ಆ ಒಂಟಿ ಹೆಬ್ಬೆರಳು ಕೂಡ ತಿಪ್ಪೇಸ್ವಾಮಿಗೆ ಸಿಟ್ಟು ತರಿಸಿತು. ಬಾಯಿಬಿಟ್ಟು ಹೊಗಳೋಕೆ ಏನು ರೋಗ?

ಲೀಲಾಳದು ಮಾತ್ರ ಬೇರೆ ಕಥೆ. ಬಾಗಿಲಿನ ತಲೆಯ ಗಾಜಿನಿಂದ ನುಗ್ಗಿದ ಬೆಳಕು ನೇರವಾಗಿ ಅವಳ ದಿಂಬಿಗೇ ಬಂದು ಬೀಳುತ್ತಿತ್ತು. ಗಾಜಿಗೆ ಕಾಗದ ಅಂಟಿಸಿದಳು. ದೀಪದ ಕಾವಿಗೋ, ಹಳೇ ಬಣ್ಣದ ಮೇಲೆ ಅಂಟು ನಿಲ್ಲದೆಯೋ, ಮಧ್ಯಾಹ್ನದ ಹೊತ್ತಿಗೆ ಕಾಗದ ಬಿಚ್ಚಿಕೊಂಡು ಅವಳ ಮುಖದ ಮೇಲೇ ಬಿತ್ತು. ಸೋಫಾಕ್ಕೆ ಹೋಗೋಣವೆಂದರೆ ಸೂರ್ಯ ಅಲ್ಲೇ ಇದ್ದಾನೆ. ಮಗಳ ಕೋಣೆಗೆ ಹೋದರೆ ಪಕ್ಕದ ಮನೆಯ ಬ್ಯಾರಿ ಎಂಬ ಬಿಳಿಯ ಅದೇ ಗೋಡೆಯ ಆಚೆ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಾನೆ. ಆ ಬ್ಯಾರಿ ಒಂದು ದಿನ ಬೇಲಿಯ ಮೇಲಿಂದ ಇಣುಕಿ, ಹಗಲೂ ಧಗಧಗ ಉರಿಯುವ ಕಿಟಕಿಯ ಕಡೆ ಹುಬ್ಬು ಹಾರಿಸಿ, “ಟೊಮ್ಯಾಟೋ ಬೆಳಸ್ತಿದೀರಾ ಮೇಟ್?” ಎಂದು ಕಣ್ಣು ಹೊಡೆದ.

“ಇಲ್ಲ, ನೀರಿನ ಗಿಡ,” ಎಂದ ತಿಪ್ಪೇಸ್ವಾಮಿ ಗಂಭೀರವಾಗಿ.

“ನೀರಿನ ಗಿಡ! ಗುಡ್ ಆನ್ ಯಾ!” ಎಂದು ಬ್ಯಾರಿ ಇನ್ನೂ ದೊಡ್ಡದಾಗಿ ಕಣ್ಣು ಹೊಡೆದು ಒಳಗೆ ಹೋದ.

ಅವನು ಯಾವ ಗಿಡದ ಮಾತಾಡಿದ ಎಂದು ಹೈಸ್ಕೂಲಿನಲ್ಲಿ ಓದುವ ಮಗಳು ನಿಧಿ ಬಿಡಿಸಿ ಹೇಳಿದಾಗ ತಿಪ್ಪೇಸ್ವಾಮಿ ಕೆಂಡವಾದ. “ಗಾಂಜಾ ಬೆಳೆಯೋನ ಥರ ಕಾಣ್ತೀನೇನು ನಾನು?” ಎಂದು ಬೇಲಿಯವರೆಗೂ ಹೋಗಿ, ಬ್ಯಾರಿಯ ನಾಯಿಯೊಂದೇ ಸಿಕ್ಕಿದ್ದರಿಂದ ಅದನ್ನೇ ದುರುಗುಟ್ಟಿ ನೋಡಿ ವಾಪಸು ಬಂದ.

ಎರಡನೇ ವಾರ ಗಾಜಿನ ಮೇಲೆ ಒಂದು ತೆಳು ಹಸಿರು ಪೊರೆ ಕಾಣಿಸಿತು. ತಿಪ್ಪೇಸ್ವಾಮಿ ಒರೆಸಿದ. ಮಾರನೆಯ ದಿನ ಮತ್ತೆ ಬಂತು. ಆಮೇಲೆ ಎಲೆಗಳಿಗೆ ಹಸಿರು ಗಡ್ಡ ಬೆಳೆಯಿತು. ಅದನ್ನು ಎಳೆದು ಕಿತ್ತ. ಗಡ್ಡದ ಜೊತೆ ಎಲೆಯೂ ಬಂತು. ಕೊನೆಗೆ ನೀರೇ ಹಸಿರಾಯಿತು. ಮೊದಲು ಸೌತೆಕಾಯಿ ರಸದಷ್ಟು, ಆಮೇಲೆ ಪಾಲಕ್ ಸಾರಿನಷ್ಟು. ತೊಟ್ಟಿಯಲ್ಲಿ ಮೀನು ಇದೆಯೋ ಇಲ್ಲವೋ ಎನ್ನುವುದು ನಂಬಿಕೆಯ ವಿಷಯವಾಗಿ ಹೋಯಿತು.

ಬುದ್ಧಿ ಇದ್ದವನು ಇಲ್ಲಿ ನಿಲ್ಲಿಸುತ್ತಿದ್ದ. ಆದರೆ ಸಿಟ್ಟು ಬಂದವನಿಗೆ ಬುದ್ಧಿ ಕೇಳಿಸುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನೀರು ಹಸಿರಾಗಿರುವುದರಿಂದಲೇ ಬೆಳಕು ಗಿಡಗಳಿಗೆ ತಲುಪುತ್ತಿಲ್ಲ, ಆದ್ದರಿಂದ ದೀಪ ಇನ್ನೂ ಹೆಚ್ಚು ಹೊತ್ತು ಉರಿಯಬೇಕು ಎಂದು ತಿಪ್ಪೇಸ್ವಾಮಿ ತೀರ್ಮಾನಿಸಿದ. ಬೆಳಿಗ್ಗೆ ತಾನು ಏಳುವ ಮೊದಲೇ ಹೊತ್ತಿಕೊಂಡು, ಮಲಗಿದ ಮೇಲೆ ಆರುವ ಹಾಗೆ ಟೈಮರ್ ಇಟ್ಟ.

“ಅಪ್ಪಾ, ಇಟ್ಸ್ ಆಲ್ಗೀ, ಪಾಚಿ,” ಎಂದಳು ನಿಧಿ, ಫೋನಿನಿಂದ ಕಣ್ಣೆತ್ತದೆ. “ಇಟ್ ಸೇಸ್ ಟೂ ಮಚ್ ಲೈಟ್. ಜಸ್ಟ್ ಟರ್ನ್ ಇಟ್ ಡೌನ್.”

“ಯಾವನು ಹೇಳ್ತಾನೆ?”

“ಎವ್ರಿಒನ್. ಲೈಕ್, ದ ಹೋಲ್ ಇಂಟರ್ನೆಟ್.”

“ಇಂಟರ್ನೆಟ್ಟಿಗೆ ಏನು ಗೊತ್ತೈತೆ? ಲಕ್ಸ್ ಅಂದ್ರೆ ಗೊತ್ತೈತಾ ಅದಕ್ಕೆ? ಎಲ್ಲೆಲ್ಲಿ ಎಷ್ಟೆಷ್ಟು ಲಕ್ಸ್ ಬೆಳಕು ಬೀಳ್ಬೇಕು ಅಂತ ಲೆಕ್ಕ ಹಾಕಿ ಹಾಕಿ ನನ್ನ ಕೂದ್ಲು ಉದುರಿದಾವೆ!”

ಆಗ ಮಲಗುವ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಕೂದಲು ಕೆದರಿ, ಕಣ್ಣು ಕೆಂಪಾಗಿ, ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಲೀಲಾ ನಿಂತಿದ್ದಳು.

“ಲಕ್ಸ್ ಅಂತೆ ಲಕ್ಸು! ಅದೇ ಲಕ್ಸ್ ಸೋಪು ಹಾಕಿ ಆ ಪಾಚಿ ತೊಟ್ಟೀನ ತಿಕ್ಕಿ ತೊಳೀರಿ! ರೀ, ನಿನ್ನೆ ರಾತ್ರಿ ವಾರ್ಡಲ್ಲಿ ಏನ್ ಮಾಡ್ದೆ ಗೊತ್ತಾ? ರೋಗಿಗೆ ಜ್ವರ ನೋಡ್ತೀನಿ ಅಂತ ಹೋಗಿ ನಿಂತೇ ತೂಕಡಿಸ್ದೆ. ಆ ಅಜ್ಜಿ ತನ್ನ ಹಾಸಿಗೆ ಪಕ್ಕ ಸರಿದು ‘ಕೂತ್ಕೋ ಮಗಳೇ’ ಅಂದ್ರು. ರೋಗಿ ನರ್ಸಿಗೆ ಹಾಸಿಗೆ ಬಿಟ್ಟುಕೊಡೋ ಕಾಲ ಬಂತು! ನಾಳೆ ಯಾರದೋ ಮಾತ್ರೆ ಇನ್ಯಾರಿಗೋ ಕೊಟ್ರೆ? ನಿಮ್ಮ ಆ ಮುರಳಿ ಬಂದು ಜವಾಬು ಹೇಳ್ತಾನಾ?”

ಆ ಮಾತು ತಿಪ್ಪೇಸ್ವಾಮಿಗೂ ನಾಟಿತು. ಆದರೆ ನಾಟಿದ್ದನ್ನು ಒಪ್ಪಿಕೊಂಡರೆ ತಾನು ಸೋತ ಹಾಗೆ. ಅದಕ್ಕೇ ಅವನು ಇನ್ನೂ ಜೋರಾಗಿ ಕೂಗಿದ.

“ಮುರಳಿ ಹೆಸ್ರು ಎತ್ತಬೇಡ ನೀನು!”

“ನಿಮ್ಮ ಮೀನಿಗೆ ಸೂರ್ಯೋದಯ ಇದೆ, ನನಗೆ ಸೂರ್ಯಾಸ್ತಾನೇ ಇಲ್ಲ ಈ ಮನೇಲಿ!” ಎಂದು ಲೀಲಾ ಬಾಗಿಲು ಹಾಕಿಕೊಂಡಳು. ಹೊಡೆತಕ್ಕೆ ಮೇಲಿನ ಗಾಜು ಗಡಗಡ ಅಂದಿತು. ಒಡೆಯಲಿಲ್ಲ.

ಇಂಥ ಹೊತ್ತಿನಲ್ಲೇ ಆಫೀಸಿನವರು ಅವನನ್ನು ದೇಶದ ದಕ್ಷಿಣದ ಡನೀಡಿನ್‌ಗೆ ಕಳಿಸಿದರು. ಅಲ್ಲೊಂದು ಹೊಸ ಶೀತಲ ಗೋದಾಮು, ಅದರ ದೀಪಗಳನ್ನೆಲ್ಲ ನಿಂತು ಹಾಕಿಸಬೇಕು. ಹೊರಡುವ ಮುಂಚೆ ತಿಪ್ಪೇಸ್ವಾಮಿ ದೀಪದ ಸ್ವಿಚ್ಚಿಗೆ ಅಡ್ಡಡ್ಡ ಟೇಪು ಸುತ್ತಿದ. ಹೆಂಡತಿ ಮಗಳನ್ನು ನಿಲ್ಲಿಸಿಕೊಂಡು ರಾಜಾಜ್ಞೆ ಹೊರಡಿಸಿದ.

“ನಾನು ಬರೋವರೆಗೂ ಈ ಸ್ವಿಚ್ಚು ಯಾರೂ ಮುಟ್ಟಂಗಿಲ್ಲ. ಬೆಳಕು ಕಮ್ಮಿಯಾದ್ರೆ ಅಷ್ಟೂ ಗಿಡ ಕೊಳೀತಾವೆ, ಗಿಡ ಕೊಳೆತ್ರೆ ಮೀನು ಸಾಯ್ತಾವೆ. ಆ ಪಾಪ ನಿಮ್ಮ ತಲೆ ಮ್ಯಾಲೆ!”

“ಸ್ವಿಚ್ಚು ಮುಟ್ಟಲ್ಲ,” ಎಂದಳು ಲೀಲಾ.

ಅಷ್ಟು ಸುಲಭವಾಗಿ ಒಪ್ಪಿದ್ದು ತಿಪ್ಪೇಸ್ವಾಮಿಗೆ ವಿಮಾನ ಏರಿದ ಮೇಲೆ ಅನುಮಾನ ಹುಟ್ಟಿಸಿತು.

ಡನೀಡಿನ್‌ನಲ್ಲಿ ಹೊರಗೂ ಚಳಿ, ಗೋದಾಮಿನೊಳಗೆ ಅದಕ್ಕಿಂತ ಚಳಿ. ಕೈ ಮರಗಟ್ಟಿದ್ದರೂ ತಿಪ್ಪೇಸ್ವಾಮಿಯ ತಲೆ ಮಾತ್ರ ಕಾದೇ ಇತ್ತು. ದಿನಾ ಸಂಜೆ ಮನೆಗೆ ಫೋನು.

“ಲೈಟು ಉರೀತೈತಾ?”

“ಉರೀತಿದೆ ರೀ.”

“ಮೀನು?”

“ಆರಾಮಾಗಿವೆ. ನಿಮ್ಮ ಊಟ ಆಯ್ತಾ? ಸ್ವೆಟರ್ ಹಾಕ್ಕೊಂಡಿದೀರಾ?”

ಧ್ವನಿಯಲ್ಲಿ ಜೇನು ಸುರಿಯುತ್ತಿತ್ತು. ತಿಪ್ಪೇಸ್ವಾಮಿಗೆ ಗಾಬರಿಯಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಲೀಲಾ ಇಷ್ಟು ಇಂಪಾಗಿ ಮಾತಾಡಿದ್ದು ಒಂದೇ ಸಲ, ಅವನ ಹೊಸ ಸ್ಕೂಟರನ್ನು ಕಾಂಪೌಂಡಿಗೆ ಗುದ್ದಿದ ದಿನ.

“ವೀಡಿಯೋ ಹಾಕು, ತೊಟ್ಟಿ ನೋಡ್ಬೇಕು.”

“ಕ್ಯಾಮರಾ ಯಾಕೋ ಸರಿ ಇಲ್ಲ ಕಣ್ರೀ. ಇಡ್ಲಾ? ಡ್ಯೂಟಿಗೆ ಹೊತ್ತಾಯ್ತು.”

ಮಾರನೆಯ ದಿನವೂ ಕ್ಯಾಮರಾ ಸರಿ ಇರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಿಧಿಗೆ ಮಾಡಿದರೆ “ಅಪ್ಪಾ, ಐ ಹ್ಯಾವ್ ಎ ಟೆಸ್ಟ್” ಎಂದು ಕತ್ತರಿಸಿದಳು. ತಿಪ್ಪೇಸ್ವಾಮಿ ಕೆಲಸ ಮುಗಿಸಿದವನೇ ಸಿಕ್ಕ ಮೊದಲ ವಿಮಾನ ಹಿಡಿದ. ಆಕ್ಲೆಂಡಿನಲ್ಲಿ ಇಳಿದು ಹೊರಬಂದರೆ, ಅತ್ತೆಯನ್ನು ಊರಿಗೆ ಕಳಿಸಲು ಬಂದಿದ್ದ ಮುರಳಿ ಎದುರಿಗೇ ಸಿಕ್ಕಿ, “ಬನ್ನಿ ಸಾರ್, ಡ್ರಾಪ್ ಕೊಡ್ತೀನಿ” ಎಂದು ಪೆಟ್ಟಿಗೆಗೇ ಕೈ ಹಾಕಿದ. ಅದಕ್ಕೂ ಸಿಟ್ಟು ಬಂತು. ಆದರೂ ಹತ್ತಿ ಕೂತ.

ಮಧ್ಯಾಹ್ನದ ಹೊತ್ತು. ಮುರಳಿಯೂ ಹಿಂದೆಯೇ ಬಂದ. ಬಾಗಿಲು ತೆಗೆದರೆ ಹಜಾರ ಗುಹೆಯ ಹಾಗಿತ್ತು. ಸೂರಿನ ದೀಪವೇನೋ ಉರಿಯುತ್ತಿತ್ತು, ಟೇಪು ಸುತ್ತಿದ ಸ್ವಿಚ್ಚನ್ನು ಯಾರೂ ಮುಟ್ಟಿರಲಿಲ್ಲ. ಆದರೆ ದೀಪದಿಂದ ಹಿಡಿದು ತೊಟ್ಟಿಯ ಬುಡದವರೆಗೆ, ಬುರ್ಖಾ ತೊಡಿಸಿದ ಹಾಗೆ, ಒಂದು ಕರೀ ಕಂಬಳಿ ಇಳಿಬಿದ್ದಿತ್ತು. ಚಳ್ಳಕೆರೆಯ ಉಣ್ಣೆ ಕಂಬಳಿ! ತಿಪ್ಪೇಸ್ವಾಮಿಯ ತಾಯಿ, ‘ಪರದೇಶದ ಚಳಿ, ನನ್ನ ಮಗನಿಗೆ ಇರಲಿ’ ಎಂದು ಕೊಟ್ಟು ಕಳಿಸಿದ್ದು. ಬೆಳಕು ಅದರೊಳಗೆ ಹೋಗುವುದಿರಲಿ, ಗುಂಡೂ ತೂರುವ ಹಾಗಿರಲಿಲ್ಲ. ಅದು ಸಾಲದೆಂದು ದೀಪಕ್ಕೂ ತೊಟ್ಟಿಗೂ ನಡುವೆ ಒಂದು ದಪ್ಪ ರಟ್ಟು ಮುಚ್ಚಿ, ಮೇಲೆ ಇನ್ನೊಂದು ಕಂಬಳಿ ಮಡಿಸಿ ಹಾಸಿತ್ತು. ಒಳಗೆ ಎಲ್ಲೋ ಪಂಪು ಮಾತ್ರ ಗುಳುಗುಳು ಅನ್ನುತ್ತಿತ್ತು.

ತಿಪ್ಪೇಸ್ವಾಮಿಯ ಕೈಯಿಂದ ಪೆಟ್ಟಿಗೆ ಬಿತ್ತು.

“ಲೀಲಾ! ಏಯ್ ಲೀಲಾ! ಕೊಲೆಗಾತಿ! ಎಷ್ಟು ದಿನದಿಂದ ಹಿಂಗೆ ಮುಚ್ಚೀಯೇ? ಜೀವ ಇರೋ ಗಿಡಗಳನ್ನ ಕತ್ತಲೆ ಕೋಣೇಲಿ ಹಾಕಿ ಉಸಿರು ಕಟ್ಟಿಸಿ ಸಾಯಿಸೀಯಲ್ಲೇ! ನರ್ಸಂತೆ ನರ್ಸು! ಪ್ರಾಣ ಉಳಿಸೋ ಕೈಯೇನೇ ಇದು? ಅದೂ ನಮ್ಮವ್ವ ಕೊಟ್ಟ ಕಂಬ್ಳೀಲಿ! ನೋಡೋ ಮುರಳಿ, ನೀನೇ ಸಾಕ್ಷಿ! ಇಷ್ಟು ವರ್ಷ ಬೆಳಕಿಗೋಸ್ಕರ ದುಡಿದೆ ನಾನು, ನನ್ನ ಮನೇಲೇ ಕತ್ತಲೆ ಕವಿಸಿಬಿಟ್ಳು!”

ಮುರಳಿ ಪಾಪ, ಎತ್ತ ನೋಡಬೇಕೋ ತಿಳಿಯದೆ ತನ್ನ ಬೂಟು ನೋಡಿಕೊಂಡ.

ಬಾಗಿಲು ತೆರೆದು ಲೀಲಾ ಹೊರಬಂದಳು. ಮುಖ ಅರಳಿದ ಹೂವಿನ ಹಾಗಿತ್ತು. ವಾರವಿಡೀ ಒಳ್ಳೆಯ ನಿದ್ದೆ ಮಾಡಿದವರ ಮುಖ. ಅವಳು ಆಕಳಿಸಿ, ಮುರಳಿಯನ್ನು ನೋಡಿ ಜಡೆ ಸರಿ ಮಾಡಿಕೊಂಡು, “ಸ್ವಿಚ್ಚು ಮುಟ್ಟಿಲ್ಲ,” ಎಂದಳು.

“ಸ್ವಿಚ್ಚು ಮುಟ್ಟದೆ ಕೊಂದೀಯ!”

“ಯಾರನ್ನೂ ಕೊಂದಿಲ್ಲ ಕಣ್ರೀ. ಕತ್ತಲಾದ್ರೆ ಮೀನು ಸಾಯುತ್ತೇನೇ ಅಂತ ನಿಧೀನ ಕೇಳ್ದೆ. ಇಲ್ಲಮ್ಮ, ಮಲಗ್ತವೆ ಅಂದ್ಳು. ಸರಿ, ಅವೂ ಮಲಗ್ಲಿ, ನಾನೂ ಮಲಗ್ತೀನಿ ಅಂತ ಮುಚ್ದೆ. ಇಷ್ಟು ಕಿರಚೋ ಬದ್ಲು ಒಂದ್ಸಲ ತೆಗೆದು ನೋಡ್ಬಾರ್ದಾ?”

ತಿಪ್ಪೇಸ್ವಾಮಿ ಹೆಣದ ಮೇಲಿನ ಬಟ್ಟೆ ಎಳೆಯುವವನ ಹಾಗೆ ಕಂಬಳಿ ಎಳೆದ. ರಟ್ಟನ್ನು ಕಿತ್ತೆಸೆದ. ಬೆಳಕು ಧುಮ್ಮಿಕ್ಕಿತು.

ತೊಟ್ಟಿಯಲ್ಲಿ ನೀರೇ ಇಲ್ಲ.

ಅವನಿಗೆ ಹಾಗೇ ಅನ್ನಿಸಿತು. ಕೈ ಅದ್ದಿ ತಣ್ಣಗೆ ತಾಗಿದಾಗಲೇ ಗೊತ್ತಾದದ್ದು, ನೀರಿದೆ, ಬಾವಿಯಿಂದ ಈಗ ಸೇದಿದಷ್ಟು ತಿಳಿಯಾಗಿದೆ ಎಂದು. ಪಾಲಕ್ ಸಾರು ಮಾಯವಾಗಿತ್ತು. ಎಲೆಗಳ ಗಡ್ಡ ಬೆಳ್ಳಗಾಗಿ ಉದುರಿ ತಳ ಸೇರಿತ್ತು. ಒಳಗಿನಿಂದ ಹೊಸ ಕುಡಿಯೊಂದು ತಲೆ ಎತ್ತಿತ್ತು. ಮೀನುಗಳು ಒಂದೂ ತಪ್ಪದೆ ಕೊರಡಿನ ಕೆಳಗಿನಿಂದ ಹೊರಬಂದು, ‘ಯಾರಪ್ಪ ಇವನು’ ಎಂಬಂತೆ ಗಾಜಿನ ಹತ್ತಿರ ಸಾಲಾಗಿ ನಿಂತವು. ಆಮೇಲೆ ತಲೆಯ ಮೇಲೆ ಉರಿಯುತ್ತಿದ್ದುದನ್ನು ಕಂಡು ಮತ್ತೆ ಕೊರಡಿನ ಕೆಳಗೆ ಓಡಿಹೋದವು.

ತಿಪ್ಪೇಸ್ವಾಮಿ ಅದ್ದಿದ ಕೈಯನ್ನು ಹೊರತೆಗೆದು, ಮೂಸಿ ನೋಡಿ, ಮತ್ತೆ ಅದ್ದಿದ.

“ಅತ್ತಿಗೇ!” ಎಂದ ಮುರಳಿ, ತೊಟ್ಟಿಗೆ ಮೂಗು ಅಂಟಿಸಿ. “ಎಂಥಾ ಕೆಲಸ ಮಾಡಿದೀರಿ! ಹಸಿರು ನೀರಿಗೆ ಇದೇ ಕಣ್ರೀ ಮದ್ದು, ಪೂರ್ತಿ ಕತ್ತಲು. ಗೊತ್ತಿದ್ರೂ ನಮಗೆಲ್ಲ ಧೈರ್ಯ ಬರಲ್ಲ, ಎರಡನೇ ದಿನಾನೇ ಇಣುಕಿ ನೋಡಿ ಕೆಡಿಸ್ತೀವಿ. ನೀವು ಒಂದ್ಸಲಾನೂ ಇಣುಕಲಿಲ್ವಾ?”

“ನಿದ್ದೆ ಮಾಡ್ತಿದ್ನಲ್ಲ,” ಎಂದಳು ಲೀಲಾ.

ಸಿಟ್ಟಿನಲ್ಲಿ ಹಲವು ಜಾತಿ. ಅವುಗಳಲ್ಲೆಲ್ಲ ಕೆಟ್ಟದ್ದು ಕಾರಣ ಕಳೆದುಕೊಂಡ ಸಿಟ್ಟು. ಅದು ಹೊಟ್ಟೆಯಲ್ಲೂ ಇರಲಾರದು, ಹೊರಗೂ ಬರಲಾರದು. ತಿಪ್ಪೇಸ್ವಾಮಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಸುತ್ತ ನೋಡಿದ. ಏನಾದರೂ ಸಿಗಲೇಬೇಕಿತ್ತು.

“ಕಂಬಳಿ ಅಂಚು ಒದ್ದೆ ಮಾಡೀಯ!” ಎಂದ ಕೊನೆಗೆ.

ಆ ಸಂಜೆಯೇ ಗೋದಾಮಿನ ಸೂರ್ಯ ಸರಪಳಿ ಸಮೇತ ಕೆಳಗಿಳಿದು ಪೆನ್‌ರೋಸ್‌ಗೆ ಹೊರಡಲು ಕಾರಿನ ಹಿಂಬದಿ ಸೇರಿದ. ಅವನ ಜಾಗಕ್ಕೆ ನಿಧಿ ಒಂದು ಸಣ್ಣ ಪಟ್ಟಿ ದೀಪ ತರಿಸಿ, ಅದರ ಬೆಳಕನ್ನೂ ಅರ್ಧಕ್ಕೆ ಇಳಿಸಿದಳು. ಅದು ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎನ್ನುವುದನ್ನು ಲೀಲಾಳ ಪಾಳಿ ನೋಡಿಕೊಂಡು ಅಮ್ಮ ಮಗಳೇ ನಿಶ್ಚಯಿಸಿದರು. ಬೆಳಕಿನ ಎಂಜಿನಿಯರನ್ನು ಯಾರೂ ಕೇಳಲಿಲ್ಲ. ಗಿಡಗಳು, ಅವನ ಹೊಟ್ಟೆ ಉರಿಸುವುದಕ್ಕೇ ಎಂಬಂತೆ, ಚಪ್ಪರವಾದವು.

ಮುರಳಿ ಸುಮ್ಮನಿದ್ದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅವನು ವಾಟ್ಸ್ಯಾಪ್ ಗುಂಪಿನಲ್ಲಿ ‘ಲೀಲಾ ಅತ್ತಿಗೆಯ ಕಂಬಳಿ ಚಿಕಿತ್ಸೆ’ ಎಂದು ಫೋಟೋ ಸಮೇತ ಉದ್ದಕ್ಕೆ ಬರೆದ. ಆಕ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಇಷ್ಟೊಂದು ಪಾಚಿ ತೊಟ್ಟಿಗಳಿದ್ದವು ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಫೋನಿನ ಮೇಲೆ ಫೋನು.

ಒಂದು ಶನಿವಾರ ಮಧ್ಯಾಹ್ನ ತಿಪ್ಪೇಸ್ವಾಮಿಯೇ ಎತ್ತಿಕೊಂಡ. ಅನನ್ಯಾ ಎಂಬ ಯುವತಿ, ಮುರಳಿಯ ಸ್ಯಾಂಡ್ರಿಂಗಮ್‌ನಲ್ಲೇ ಮನೆಯಂತೆ.

“ಅಂಕಲ್, ಫಿಶ್ ಟ್ಯಾಂಕ್ ಲೈಟಿಂಗ್ ಬಗ್ಗೆ ಕೇಳ್ಬೇಕಿತ್ತು.”

ತಿಪ್ಪೇಸ್ವಾಮಿಯ ಎದೆ ಒಂದು ಗೇಣು ಉಬ್ಬಿತು. “ಕೇಳಮ್ಮ, ಸರಿಯಾದ ಮನುಷ್ಯನ್ನೇ ಹಿಡಿದೀಯ. ಮೊದ್ಲು ಹೇಳು, ಎಷ್ಟು ಲಕ್ಸ್—”

“ಅಯ್ಯೋ, ನೀವಲ್ಲ ಅಂಕಲ್. ಲೀಲಾ ಆಂಟಿ ಇಲ್ವಾ?”

ಗಂಟಲಿನವರೆಗೆ ಬಂದ ಚಿತ್ರದುರ್ಗವನ್ನು ತಿಪ್ಪೇಸ್ವಾಮಿ ನುಂಗಿಕೊಂಡ. ಕೋಣೆಯ ಬಾಗಿಲು ಮುಚ್ಚಿತ್ತು. ಅವನು ಪಿಸುಗುಟ್ಟಿದ: “ಆಂಟಿ ಮಲ್ಗಿದಾರಮ್ಮ.”

“ಏನ್ರೀ ಅದು ಗಲಾಟೆ?” ಎಂದು ಒಳಗಿನಿಂದ ಬಂತು ಧ್ವನಿ. “ಯಾರು, ಅನನ್ಯಾನಾ? ಬೆಳಿಗ್ಗೆ ಮೆಸೇಜ್ ಹಾಕಿದ್ಳು. ನಮ್ಮ ಕಂಬಳಿ ಬೇಕಂತೆ. ಹೋಗಿ ಕೊಟ್ಟು ಬನ್ರೀ, ಪಾಪ ಅವಳ ಮೀನು ಕಾಣ್ತಾನೇ ಇಲ್ವಂತೆ. ಮುಚ್ಚೋದು ಹೇಗೆ ಅಂತಾನೂ ತೋರಿಸ್ಬಿಡಿ. ನೋಡಿದೀರಲ್ಲ?”

ಇದಕ್ಕೆ ಹೇಳಲು ತಿಪ್ಪೇಸ್ವಾಮಿಯ ಬಳಿ ಬಹಳ ಮಾತುಗಳಿದ್ದವು. ಅವನ್ನೆಲ್ಲ ಕಾರಿಗೆಂದು ಉಳಿಸಿಕೊಂಡ. ಕಂಬಳಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟ. ದಾರಿಯುದ್ದಕ್ಕೂ ಕಾರಿನ ಗಾಜು ಏರಿಸಿಕೊಂಡು, ಮುರಳಿಯಿಂದ ಹಿಡಿದು ಪಾಚಿಯವರೆಗೆ ಎಲ್ಲರಿಗೂ ಅವರವರ ಪಾಲಿನದನ್ನು ಕೊಟ್ಟ. ಅನನ್ಯಾಳ ಮನೆ ಬಾಗಿಲಿಗೆ ಬಂದಾಗ ಗಂಟಲು ಕಟ್ಟಿತ್ತು.

ಬೆಲ್ ಒತ್ತಿದ. ಅಂಗೈಯಗಲದ ಮುಖದ ಒಂದು ಪುಟ್ಟ ಹುಡುಗಿ, ಅನನ್ಯಾಳ ಮಗಳು, ಬಾಗಿಲು ತೆರೆದು, ಅವನನ್ನೂ ಕಂಕುಳಿನ ಕರೀ ಗಂಟನ್ನೂ ಅಡಿಯಿಂದ ಮುಡಿಯವರೆಗೆ ನೋಡಿತು. ಆಮೇಲೆ ಒಳಕ್ಕೆ ತಿರುಗಿ ಮನೆ ಹಾರಿಹೋಗುವ ಹಾಗೆ ಕೂಗಿತು:

“ಮಮ್! ಕಂಬ್ಳಿ ಅಂಕಲ್ ಈಸ್ ಹಿಯರ್!”